ಡಿಕ್ಕಿ ಹೊಡೆಯುತ್ತಿರುವ ಗೆಲಾಕ್ಸಿಗಳಲ್ಲಿ ರೇಡಿಯೋ ಮೂಲ ಗುರುತಿಸುವುದು: ಮನೆಯಲ್ಲೇ ಕುಳಿತು ಮಾಡುವವರಿಗೆ ಮಾರ್ಗದರ್ಶಿ

ಟೆಲಿಸ್ಕೋಪ್ ಇಲ್ಲದೆ, ಖಗೋಳ ವಿಜ್ಞಾನದ ಪದವಿಯೂ ಇಲ್ಲದೆ ನಿಜವಾದ ಸಂಶೋಧನೆಗೆ ಕೈಜೋಡಿಸಬಹುದೇ ಎಂದು ಕೇಳುವವರು ಬಹಳ ಮಂದಿ. ರೇಡಿಯೋ ಗೆಲಾಕ್ಸಿಗಳ ವಿಷಯದಲ್ಲಂತೂ ಆಗುತ್ತದೆ. ಸ್ವಯಂಸೇವಕರು ಚಿತ್ರಗಳನ್ನು ನೋಡಿ ರೇಡಿಯೋ ಮೂಲಗಳನ್ನು ಗುರುತಿಸುವ ‘ರೇಡಿಯೋ ಗೆಲಾಕ್ಸಿ ಝೂ’ ಯೋಜನೆ 2013ರ ಡಿಸೆಂಬರ್‌ನಲ್ಲಿ ಶುರುವಾಯಿತು. ಅದೇ ವರ್ಷ ನಮ್ಮ ದೇಶದಲ್ಲಿ ‘ರ್‍ಯಾಡ್ ಅಟ್ ಹೋಮ್’ ಹುಟ್ಟಿತು. ಈ ಭಾರತೀಯ ತಂಡದ ಹೆಸರು ಹೆಚ್ಚು ಕೇಳಿಬಂದದ್ದು 2022ರಲ್ಲಿ, ‘ರ್‍ಯಾಡ್12’ ಎಂಬ ಗೆಲಾಕ್ಸಿಯಿಂದ. ಸುಮಾರು 100 ಕೋಟಿ ಜ್ಯೋತಿರ್ವರ್ಷ ದೂರದ ಈ ಗೆಲಾಕ್ಸಿ ತನ್ನ ಜೆಟ್ಟನ್ನು (ಕಪ್ಪುಕುಳಿಯ ಬಳಿಯಿಂದ ಹೊರಡುವ ಧಾರೆಯನ್ನು) ಪಕ್ಕದಲ್ಲೇ ವಿಲೀನವಾಗುತ್ತಿರುವ ಜೊತೆಗಾರನ ಮೇಲೆ ಚಿಮ್ಮಿಸುತ್ತಿದೆ. ರೇಡಿಯೋ ಗುಳ್ಳೆ ಒಂದೇ ಕಡೆ ಉಬ್ಬಿದೆ, ಇನ್ನೊಂದು ಕಡೆ ಏನೂ ಕಾಣುವುದಿಲ್ಲ. ಪುಣೆ ಬಳಿಯ ಜಿಎಂಆರ್‌ಟಿ ದೂರದರ್ಶಕದ ಚಿತ್ರಗಳಿಂದ ಇದರ ಆಕಾರ ಸ್ಪಷ್ಟವಾಯಿತು.

ಇಂಥದ್ದು ದಿನಾ ಸಿಗುವುದಿಲ್ಲ. ದಿನಾ ಮಾಡುವ ಕೆಲಸ ಬೇರೆ: ರೇಡಿಯೋ ನಕ್ಷೆಯಲ್ಲಿ ಕಾಣುವ ಚುಕ್ಕೆ ಬೆಳಕಿನ ಚಿತ್ರದಲ್ಲಿರುವ ಯಾವ ಗೆಲಾಕ್ಸಿಯದು ಎಂದು ಹೇಳುವುದು. ಗೆಲಾಕ್ಸಿ ಒಂಟಿಯಾಗಿದ್ದರೆ ಸುಲಭ. ಎರಡು ಒಂದರೊಳಗೊಂದು ನುಗ್ಗಿರುವಾಗ ಕಷ್ಟ, ಏಕೆಂದರೆ ಚುಕ್ಕೆಗೆ ಹಕ್ಕುದಾರರು ಇಬ್ಬರಿರುತ್ತಾರೆ. ಮೂರನೆಯವನೊಬ್ಬ ಹಿಂದೆ ಅಡಗಿರುವುದೂ ಉಂಟು.

ಮೊದಲು ಬೇಕಾದದ್ದು

8 ಜಿಬಿ ರ್‍ಯಾಮ್ ಇರುವ ಲ್ಯಾಪ್‌ಟಾಪ್, ಸಾಧಾರಣ ಇಂಟರ್ನೆಟ್, ಒಂದು ಸ್ಪ್ರೆಡ್‌ಶೀಟ್ ಸಾಕು. ಮೊಬೈಲಿನಲ್ಲಿ ಚಿತ್ರ ನೋಡಬಹುದು, ಅಳತೆ ಮಾಡಲಾಗದು. ಸಾಫ್ಟ್‌ವೇರ್ ಎರಡು: ಆಕಾಶದ ನಕ್ಷೆಗಳನ್ನು ಒಂದರ ಮೇಲೊಂದು ಹಾಸಿ ನೋಡಲು ‘ಅಲಾಡಿನ್’, ಅಳತೆಗೆ ಮತ್ತು ಕಾಂಟೂರ್‌ಗೆ, ಅಂದರೆ ಸಮಾನ ಪ್ರಖರತೆಯ ಗೆರೆ ಎಳೆಯಲು, ‘ಡಿಎಸ್9’. ಎರಡೂ ಉಚಿತ. ಚಿತ್ರ ಇಳಿಸಿಕೊಳ್ಳಲು ನಾಸಾದ ‘ಸ್ಕೈವ್ಯೂ’, ಗೆಲಾಕ್ಸಿಗಳ ಹಳೆಯ ದಾಖಲೆ ನೋಡಲು ‘ನೆಡ್’ ಎಂಬ ದತ್ತಸಂಚಯ ಇವೆ. ಚಿತ್ರಗಳನ್ನು ಯಾವಾಗಲೂ ಫಿಟ್ಸ್ ಮಾದರಿಯಲ್ಲೇ ಇಳಿಸಿ. ಜೆಪೆಗ್‌ನಲ್ಲಿ ಬಣ್ಣ ಮಾತ್ರ ಇರುತ್ತದೆ. ಫಿಟ್ಸ್‌ನಲ್ಲಿ ಪ್ರತಿ ಪಿಕ್ಸೆಲ್‌ನ ನಿಜವಾದ ತೀವ್ರತೆಯೂ ಆಕಾಶದಲ್ಲಿ ಅದರ ಸ್ಥಾನವೂ ಇರುತ್ತವೆ.

ಮೂರು ಪದಗಳು ಗೊತ್ತಿರಲಿ. ‘ಮಿಲಿಜಾನ್ಸ್ಕಿ’ ರೇಡಿಯೋ ಪ್ರಖರತೆಯ ಅಳತೆ. ‘ಬೀಮ್’ ಎಂದರೆ ದೂರದರ್ಶಕ ಬೇರ್ಪಡಿಸಿ ತೋರಿಸಬಲ್ಲ ಅತಿ ಚಿಕ್ಕ ಗಾತ್ರ. ಅದಕ್ಕಿಂತ ಹತ್ತಿರವಿರುವ ಎರಡು ಮೂಲಗಳು ಒಂದೇ ಚುಕ್ಕೆಯಾಗಿ ಕಾಣುತ್ತವೆ. ‘ಹೋಸ್ಟ್’ ಎಂದರೆ ರೇಡಿಯೋ ಅಲೆಗಳು ಹೊರಟ ಗೆಲಾಕ್ಸಿ.

ಹಂತ 1: ಪಟ್ಟಿ ಆರಿಸಿಕೊಳ್ಳಿ

ಆಕಾಶದಲ್ಲಿ ಗುರಿಯಿಲ್ಲದೆ ಅಲೆಯಬೇಡಿ. ಎರಡು ಪಟ್ಟಿಗಳಿಂದ ಶುರು ಮಾಡಿ. ಮೊದಲನೆಯದು 1966ರ ಆರ್ಪ್ ಕ್ಯಾಟಲಾಗ್. ಇದರಲ್ಲಿ 338 ವಿಚಿತ್ರ ಆಕಾರದ ಗೆಲಾಕ್ಸಿಗಳಿವೆ, ಎಲ್ಲವೂ ಚೆನ್ನಾಗಿ ಅಧ್ಯಯನವಾದವು. ಕಣ್ಣು ಪಳಗಿಸಿಕೊಳ್ಳಲು ಒಳ್ಳೆಯದು, ಹೊಸದನ್ನು ಹುಡುಕಲು ಅಲ್ಲ. ಎರಡನೆಯದು ‘ಗೆಲಾಕ್ಸಿ ಝೂ’ ಸ್ವಯಂಸೇವಕರ ಗುರುತಿಸುವಿಕೆಯಿಂದ 2010ರಲ್ಲಿ ಬಂದ, 3,003 ವಿಲೀನ ಜೋಡಿಗಳ ಪಟ್ಟಿ. ಇವೆಲ್ಲ 0.1ಕ್ಕಿಂತ ಕಡಿಮೆ ರೆಡ್‌ಶಿಫ್ಟ್‌ನವು. ವಿಶ್ವದ ವಿಸ್ತರಣೆಯಿಂದ ಬೆಳಕು ಎಷ್ಟು ಕೆಂಪಿನತ್ತ ಜಾರಿದೆ ಎಂಬ ಸಂಖ್ಯೆಯೇ ರೆಡ್‌ಶಿಫ್ಟ್. ಸಂಖ್ಯೆ ಹೆಚ್ಚಿದಷ್ಟೂ ದೂರ ಹೆಚ್ಚು.

ಒಂದು ಸಲಕ್ಕೆ 20 ಜೋಡಿ ಸಾಕು. ಇನ್ನೂರನ್ನು ತೇಲಿಸಿ ನೋಡಿದವರ ಪಟ್ಟಿಗಿಂತ ಇಪ್ಪತ್ತನ್ನು ಕೊನೆ ಮುಟ್ಟಿಸಿದವರ ಪಟ್ಟಿಗೆ ಸಂಶೋಧಕರ ಬಳಿ ಬೆಲೆ ಜಾಸ್ತಿ.

ಹಂತ 2: ಬೆಳಕಿನ ಚಿತ್ರ ಮೊದಲು, ರೇಡಿಯೋ ಆಮೇಲೆ

ಈ ಕ್ರಮ ತಪ್ಪಿಸಬೇಡಿ. ರೇಡಿಯೋ ಕಾಂಟೂರ್ ಒಮ್ಮೆ ಕಣ್ಣಿಗೆ ಬಿದ್ದರೆ ಗೆಲಾಕ್ಸಿಯ ಆಕಾರವನ್ನೂ ಅದಕ್ಕೆ ಒಗ್ಗಿಸಿ ನೋಡಲು ಶುರು ಮಾಡುತ್ತೇವೆ. ಅಲಾಡಿನ್‌ನಲ್ಲಿ ‘ಲೆಗಸಿ ಸರ್ವೆ’ ಅಥವಾ ‘ಪ್ಯಾನ್-ಸ್ಟಾರ್ಸ್’ ಬಣ್ಣದ ಚಿತ್ರ ತೆರೆದು, ಕಂಡದ್ದನ್ನು ಬರೆದಿಡಿ: ಉದ್ದನೆಯ ಬಾಲಗಳಿವೆಯೇ, ಎರಡರ ನಡುವೆ ನಕ್ಷತ್ರಗಳ ಸೇತುವೆ ಇದೆಯೇ, ಸುತ್ತ ಚಿಪ್ಪಿನಂಥ ಕಮಾನುಗಳಿವೆಯೇ, ಧೂಳಿನ ಪಟ್ಟಿ ಅಡ್ಡ ಹಾದಿದೆಯೇ, ಕೇಂದ್ರಗಳು ಎಷ್ಟು. ಪ್ರತಿ ಕೇಂದ್ರದ ಸ್ಥಾನವನ್ನು ಡಿಗ್ರಿಗಳಲ್ಲಿ, ದಶಮಾಂಶದ ಐದು ಸ್ಥಾನದವರೆಗೆ ಬರೆಯಿರಿ. ನಾಲ್ಕನೇ ಸ್ಥಾನಕ್ಕೆ ನಿಲ್ಲಿಸಿದರೆ 0.36 ಆರ್ಕ್‌ಸೆಕೆಂಡ್‌ನಷ್ಟು ಜಾಗ ಅಸ್ಪಷ್ಟವಾಗಿ ಉಳಿಯುತ್ತದೆ. ಎರಡು ಕೇಂದ್ರಗಳು ಒಂದೆರಡು ಆರ್ಕ್‌ಸೆಕೆಂಡ್ ಅಂತರದಲ್ಲಿದ್ದಾಗ ಅದೂ ತೊಂದರೆಯೇ. ಆರ್ಕ್‌ಸೆಕೆಂಡ್ ಎಂದರೆ ಡಿಗ್ರಿಯ 3,600ನೇ ಒಂದು ಭಾಗ.

ಬಾಲವೂ ಇಲ್ಲ, ಸೇತುವೆಯೂ ಇಲ್ಲ, ಎರಡು ಗೆಲಾಕ್ಸಿ ಅಕ್ಕಪಕ್ಕ ಇವೆ ಅಷ್ಟೇ ಎಂದಾದರೆ ‘ಜೋಡಿ, ವಿಲೀನ ಖಚಿತವಿಲ್ಲ’ ಎಂದೇ ಬರೆಯಿರಿ.

ಹಂತ 3: ರೇಡಿಯೋ ನಕ್ಷೆಗಳನ್ನು ಹಾಸಿ

ಒಂದೇ ಸರ್ವೆಯನ್ನು (ಆಕಾಶದ ಸಮೀಕ್ಷೆಯನ್ನು) ನಂಬುವ ಹಾಗಿಲ್ಲ. ಒಂದೊಂದರ ಬಲ ಒಂದೊಂದು ಕಡೆ.

ಎನ್‌ವಿಎಸ್‌ಎಸ್: 1.4 ಗಿಗಾಹರ್ಟ್ಸ್, ಬೀಮ್ 45 ಆರ್ಕ್‌ಸೆಕೆಂಡ್, ಗದ್ದಲ (ಮೂಲವಿಲ್ಲದ ಜಾಗದಲ್ಲೂ ಇರುವ ಏರಿಳಿತ) ಸುಮಾರು 0.45 ಮಿಲಿಜಾನ್ಸ್ಕಿ. ಮಸುಕಾಗಿ ಹರಡಿದ ಹೊಳಪನ್ನು ಚೆನ್ನಾಗಿ ಹಿಡಿಯುತ್ತದೆ, ಸ್ಥಾನ ಹೇಳುವುದರಲ್ಲಿ ಹಿಂದೆ. ಮಂದ ಮೂಲಗಳಲ್ಲಿ 7 ಆರ್ಕ್‌ಸೆಕೆಂಡ್‌ವರೆಗೂ ತಪ್ಪಬಹುದು.

ಫಸ್ಟ್: ಅದೇ 1.4 ಗಿಗಾಹರ್ಟ್ಸ್, ಬೀಮ್ 5 ಆರ್ಕ್‌ಸೆಕೆಂಡ್, ಗದ್ದಲ ಸುಮಾರು 0.15. ಸ್ಥಾನ ಒಂದು ಆರ್ಕ್‌ಸೆಕೆಂಡ್‌ನೊಳಗೆ ಸಿಗುತ್ತದೆ. ಆದರೆ ಸುಮಾರು 2 ಆರ್ಕ್‌ಮಿನಿಟ್‌ಗಿಂತ (120 ಆರ್ಕ್‌ಸೆಕೆಂಡ್‌ಗಿಂತ) ದೊಡ್ಡದಾಗಿ ಹರಡಿದ ಹೊಳಪು ಇದರಲ್ಲಿ ಮಾಯವಾಗುತ್ತದೆ. ಆಕಾಶದ ಕಾಲು ಭಾಗದಷ್ಟನ್ನು ಮಾತ್ರ ಆವರಿಸಿದೆ.

ಟಿಜಿಎಸ್‌ಎಸ್: ನಮ್ಮ ಜಿಎಂಆರ್‌ಟಿಯದು. 150 ಮೆಗಾಹರ್ಟ್ಸ್, ಬೀಮ್ 25 ಆರ್ಕ್‌ಸೆಕೆಂಡ್, ಗದ್ದಲ ಸುಮಾರು 3.5, ಆಕಾಶದ 90 ಶೇಕಡ. ಹಳೆಯ, ಶಕ್ತಿ ಕಳೆದುಕೊಂಡ ಲೋಬ್‌ಗಳು ಇಲ್ಲಿ ಎದ್ದು ಕಾಣುತ್ತವೆ. ಲೋಬ್ ಎಂದರೆ ಕಪ್ಪುಕುಳಿಯಿಂದ ಹೊರಟ ಜೆಟ್ ದೂರದಲ್ಲಿ ಉಬ್ಬಿ ನಿಂತ ರೇಡಿಯೋ ಮೋಡ.

ಲಾಟ್ಸ್: ಯುರೋಪಿನ ಲೋಫಾರ್ ದೂರದರ್ಶಕದ್ದು. 144 ಮೆಗಾಹರ್ಟ್ಸ್, ಬೀಮ್ 6 ಆರ್ಕ್‌ಸೆಕೆಂಡ್, ಗದ್ದಲ 0.1ಕ್ಕಿಂತ ಕಡಿಮೆ. ಉತ್ತರ ಆಕಾಶದಲ್ಲಿ ಮಾತ್ರ. ನಿಮ್ಮ ಜೋಡಿ ಇದರೊಳಗೆ ಬಂದರೆ ಇದನ್ನೇ ಮುಖ್ಯ ನಕ್ಷೆ ಮಾಡಿಕೊಳ್ಳಿ.

ವಿಎಲ್‌ಎಎಸ್‌ಎಸ್: 2ರಿಂದ 4 ಗಿಗಾಹರ್ಟ್ಸ್, ಬೀಮ್ 2.5 ಆರ್ಕ್‌ಸೆಕೆಂಡ್. ಎರಡು ಕೇಂದ್ರಗಳಲ್ಲಿ ಯಾವುದು ಎಂದು ತೀರ್ಮಾನಿಸಲು ಇದು ಬೇಕೇ ಬೇಕು. ಬೇಗ ಸಂಸ್ಕರಿಸಿ ಕೊಡುವ ‘ಕ್ವಿಕ್ ಲುಕ್’ ಚಿತ್ರಗಳಿಂದ ಸ್ಥಾನ ತೆಗೆದುಕೊಳ್ಳಿ, ಪ್ರಖರತೆ ತೆಗೆದುಕೊಳ್ಳಬೇಡಿ.

ಗೌರಿಬಿದನೂರಿನ 34.5 ಮೆಗಾಹರ್ಟ್ಸ್ ಸರ್ವೆ ಬಳಸಬಹುದೇ ಎಂದು ಕೇಳುವವರಿದ್ದಾರೆ. ನಮ್ಮ ನೆಲದ್ದು ಎಂಬ ಅಭಿಮಾನ ಸರಿ, ಆದರೆ ಅದರ ಬೀಮ್ ಸುಮಾರು ಹುಣ್ಣಿಮೆಯ ಚಂದ್ರನಷ್ಟು ಅಗಲ. ಅಷ್ಟು ಜಾಗದಲ್ಲಿ ಎನ್‌ವಿಎಸ್‌ಎಸ್‌ನ ಹತ್ತಾರು ಮೂಲಗಳು ಕೂರುತ್ತವೆ. ಈ ಕೆಲಸಕ್ಕೆ ಅದು ಒದಗುವುದಿಲ್ಲ.

ಸ್ಕೈವ್ಯೂನಲ್ಲಿ 0.15 ಡಿಗ್ರಿ ಅಗಲದ ಚಿತ್ರ ಇಳಿಸಿಕೊಳ್ಳಿ. ಅದಕ್ಕೂ ಮೊದಲು ಅಲಾಡಿನ್‌ನಲ್ಲಿ ಒಂದು ಡಿಗ್ರಿಯಷ್ಟು ಹಿಂದೆ ಸರಿದು ನೋಡಿರಬೇಕು. ವಿಲೀನದ ಗುರುತುಗಳಿರುವ ಎನ್‌ಜಿಸಿ 1316ರ ಎರಡು ಲೋಬ್‌ಗಳ ನಡುವೆ ಸುಮಾರು ಅರ್ಧ ಡಿಗ್ರಿ ಅಂತರವಿದೆ. ಚಿಕ್ಕ ಚಿತ್ರವನ್ನಷ್ಟೇ ನೋಡಿದವರಿಗೆ ಅವೆರಡೂ ಕಾಣುವುದೇ ಇಲ್ಲ.

ಹಂತ 4: ಕಾಂಟೂರ್ ಎಳೆಯುವುದು

ಡಿಎಸ್9ನಲ್ಲಿ ಮೊದಲ ಫ್ರೇಮ್‌ಗೆ ಬೆಳಕಿನ ಫಿಟ್ಸ್, ಎರಡನೆಯದಕ್ಕೆ ರೇಡಿಯೋ ಫಿಟ್ಸ್ ಹಾಕಿ. ರೇಡಿಯೋ ಫ್ರೇಮ್‌ನಲ್ಲಿ ಮೂಲವೇನೂ ಇಲ್ಲದ ಖಾಲಿ ಜಾಗದಲ್ಲಿ ಒಂದು ದೊಡ್ಡ ವೃತ್ತ ಎಳೆದು, ಅದರ ಅಂಕಿಅಂಶ ತೆರೆದು ‘ಸ್ಟ್ಯಾಂಡರ್ಡ್ ಡೀವಿಯೇಶನ್’ ಓದಿ. ಅದೇ ಅಲ್ಲಿನ ಗದ್ದಲ, ಅಂದರೆ ಒಂದು ಸಿಗ್ಮಾ. ಸರ್ವೆಯ ಸರಾಸರಿ ಸಂಖ್ಯೆಯನ್ನು ಕಣ್ಣುಮುಚ್ಚಿ ಹಾಕಬೇಡಿ; ಪ್ರಖರ ಮೂಲದ ಪಕ್ಕದಲ್ಲಿ ಗದ್ದಲ ಎರಡು ಮೂರು ಪಟ್ಟು ಇರಬಹುದು.

ಮೊದಲ ಗೆರೆ 3 ಸಿಗ್ಮಾದಲ್ಲಿರಲಿ, ಮುಂದಿನವು ಎರಡೆರಡು ಪಟ್ಟು. ಎನ್‌ವಿಎಸ್‌ಎಸ್‌ನಲ್ಲಿ 0.45 ಗದ್ದಲವಾದರೆ 1.35, 2.7, 5.4, 10.8 ಮಿಲಿಜಾನ್ಸ್ಕಿ. ಇಲ್ಲಿ ಹೊಸಬರೆಲ್ಲ ಎಡವುತ್ತಾರೆ: ಫಿಟ್ಸ್ ಒಳಗಿನ ಅಳತೆ ಸಾಮಾನ್ಯವಾಗಿ ಜಾನ್ಸ್ಕಿಯಲ್ಲಿರುತ್ತದೆ, ಮಿಲಿಜಾನ್ಸ್ಕಿಯಲ್ಲಲ್ಲ. ಆದ್ದರಿಂದ 0.00135, 0.0027 ಎಂದು ಬರೆಯಬೇಕು. 1.35 ಎಂದು ಬರೆದರೆ ಒಂದು ಗೆರೆಯೂ ಬರುವುದಿಲ್ಲ. ‘ಇಲ್ಲಿ ರೇಡಿಯೋ ಇಲ್ಲ’ ಎಂದು ನೀವು ಮುಂದಕ್ಕೆ ಹೋಗುತ್ತೀರಿ. ಜೊತೆಗೆ ಮೈನಸ್ 3 ಸಿಗ್ಮಾದ ಒಂದು ಗೆರೆಯನ್ನೂ ಸೇರಿಸಿ. ಆಕಾಶದಲ್ಲಿ ಋಣ ಪ್ರಖರತೆ ಎಂಬುದಿಲ್ಲ. ನಿಮ್ಮ ಮೂಲದ ಸುತ್ತ ಇಂಥ ಗೆರೆಗಳು ಕಿಕ್ಕಿರಿದಿದ್ದರೆ ನೀವು ನೋಡುತ್ತಿರುವುದು ಬಹುಶಃ ಸಂಸ್ಕರಣೆಯ ಕಲೆ, ಮೂಲವಲ್ಲ. ಪ್ರಖರ ಮೂಲದಿಂದ ಗಾಲಿಯ ಕಡ್ಡಿಗಳಂತೆ ಹೊರಡುವ ನೇರ ಗೆರೆಗಳೂ ಅಂಥವೇ. ಅವುಗಳನ್ನು ಜೆಟ್ ಎಂದು ವರದಿ ಮಾಡುವುದು ಅತಿ ಸಾಮಾನ್ಯ ತಪ್ಪು.

ಗೆರೆ ಸರಿಬಂದ ಮೇಲೆ ಕಾಂಟೂರ್ ಕಿಟಕಿಯಲ್ಲಿ ಕಾಪಿ ಮಾಡಿ, ಬೆಳಕಿನ ಫ್ರೇಮ್‌ಗೆ ಹೋಗಿ ಪೇಸ್ಟ್ ಮಾಡಿ. ಚಿತ್ರದ ಮೂಲೆಯಲ್ಲಿ ಬೀಮ್‌ನಷ್ಟು ದೊಡ್ಡ ವೃತ್ತವೊಂದನ್ನು ಬರೆದಿಡಿ. ಕಾಂಟೂರ್ ಆ ವೃತ್ತದಷ್ಟೇ ದೊಡ್ಡದಿದ್ದರೆ ಅದರ ಆಕಾರದ ಬಗ್ಗೆ ಏನನ್ನೂ ಹೇಳುವಂತಿಲ್ಲ.

ಹಂತ 5: ಚುಕ್ಕೆ ಯಾರದ್ದು?

ಹೆಚ್ಚಿನ ಸಮಯ ಇಲ್ಲಿಗೇ ಇಡಿ. ಕಾಂಟೂರ್ ಗೆಲಾಕ್ಸಿಯ ಮೇಲೆ ಕುಳಿತಿದೆ ಎಂದ ಮಾತ್ರಕ್ಕೆ ಅದು ಆ ಗೆಲಾಕ್ಸಿಯದಲ್ಲ.

ಮೊದಲು ಆಕಸ್ಮಿಕದ ಲೆಕ್ಕ. ಎನ್‌ವಿಎಸ್‌ಎಸ್‌ನಲ್ಲಿ ಒಂದು ಚದರ ಡಿಗ್ರಿಗೆ ಸುಮಾರು 50 ಮೂಲಗಳಿವೆ. ಆಕಾಶದ ಯಾವುದೋ ಒಂದು ಬಿಂದುವಿನಿಂದ 20 ಆರ್ಕ್‌ಸೆಕೆಂಡ್‌ನೊಳಗೆ ಸಂಬಂಧವಿಲ್ಲದ ಮೂಲವೊಂದು ಬೀಳುವ ಸಾಧ್ಯತೆ ಅರ್ಧ ಶೇಕಡ. ಸಣ್ಣದೆನಿಸುತ್ತದೆ, ಆದರೆ 3,003 ಜೋಡಿಗಳಿಗೆ ಗುಣಿಸಿದರೆ ಸುಮಾರು 15 ಸುಳ್ಳು ಹೊಂದಿಕೆ. ಲಾಟ್ಸ್‌ನಲ್ಲಿ ಚದರ ಡಿಗ್ರಿಗೆ 780ರಷ್ಟು ಮೂಲಗಳು. ಅದೇ 20 ಆರ್ಕ್‌ಸೆಕೆಂಡ್‌ಗೆ ಸಾಧ್ಯತೆ ಏಳೂವರೆ ಶೇಕಡಕ್ಕೆ ಏರುತ್ತದೆ. ನಕ್ಷೆ ಸೂಕ್ಷ್ಮವಾದಷ್ಟೂ ಹೊಂದಿಕೆಯ ಅಂತರವನ್ನು ಬಿಗಿ ಮಾಡಬೇಕು. ಲಾಟ್ಸ್ ಮತ್ತು ಫಸ್ಟ್‌ನಲ್ಲಿ ಚುಕ್ಕೆಯಂಥ ಮೂಲಕ್ಕೆ ಕೇಂದ್ರದಿಂದ 2 ಆರ್ಕ್‌ಸೆಕೆಂಡ್ ಸಾಕು.

ಆಮೇಲೆ ಆಕಾರ. ಒಂದೇ ಚುಕ್ಕೆಯಾಗಿದ್ದರೆ ಹೆಚ್ಚು ಸ್ಪಷ್ಟವಾದ ನಕ್ಷೆಯಲ್ಲಿ ಅದರ ಶಿಖರ ಯಾವ ಕೇಂದ್ರದ ಮೇಲಿದೆ ನೋಡಿ. ಶಿಖರ ಎರಡೂ ಕೇಂದ್ರಗಳ ನಟ್ಟನಡುವೆ ಬಿದ್ದರೆ ಮೂರು ಸಾಧ್ಯತೆಗಳಿವೆ. ಬೀಮ್ ದೊಡ್ಡದಾಗಿ ಎರಡು ಮೂಲಗಳು ಬೆರೆತಿರಬಹುದು: ಆರ್ಪ್ 220ರ ಎರಡು ಕೇಂದ್ರಗಳ ನಡುವೆ ಸುಮಾರು ಒಂದು ಆರ್ಕ್‌ಸೆಕೆಂಡ್ ಮಾತ್ರ, ಫಸ್ಟ್‌ನಲ್ಲಿ ಅದು ಯಾವತ್ತೂ ಒಂದೇ ಚುಕ್ಕೆ. ಅಥವಾ ನಡುವಿನ ಅನಿಲವೇ ಹೊಳೆಯುತ್ತಿರಬಹುದು. ಯುಜಿಸಿ 12914 ಮತ್ತು 12915 ಎಂಬ ಜೋಡಿ ಮುಖಾಮುಖಿ ಡಿಕ್ಕಿ ಹೊಡೆದು ದೂರ ಸರಿಯುತ್ತಿದೆ, ಅವುಗಳ ನಡುವೆ ರೇಡಿಯೋ ಸೇತುವೆ ಎಳೆದುಕೊಂಡಿರುವುದು 1993ರಲ್ಲೇ ಗೊತ್ತಾಯಿತು. ‘ಟ್ಯಾಫಿ’ (ಎಳೆದರೆ ಹಿಗ್ಗುವ ಮಿಠಾಯಿ) ಎಂಬ ಅಡ್ಡಹೆಸರು ಬಂದದ್ದು ಅದಕ್ಕೇ. ಮೂರನೆಯ ಸಾಧ್ಯತೆ ಹಿಂದೆ ಅಡಗಿರುವ ದೂರದ ಗೆಲಾಕ್ಸಿ. ಅದನ್ನು ಹಿಡಿಯಲು ವೈಸ್ ಉಪಗ್ರಹದ ಇನ್‌ಫ್ರಾರೆಡ್ ಚಿತ್ರ ನೋಡಿ. ಬೆಳಕಿನಲ್ಲಿ ಕಾಣದೆ ಇನ್‌ಫ್ರಾರೆಡ್‌ನಲ್ಲಿ ಚುಕ್ಕೆ ಕಂಡರೆ ಹೋಸ್ಟ್ ಅದೇ ಇರುವ ಸಂಭವ ಹೆಚ್ಚು.

ಎರಡು ಗುಡ್ಡೆಗಳಿದ್ದರೆ ಹೆಚ್ಚು ಎಚ್ಚರ. ಜೋಡಿ ಗೆಲಾಕ್ಸಿ, ಜೋಡಿ ರೇಡಿಯೋ ಗುಡ್ಡೆ, ಒಂದಕ್ಕೊಂದು ಸರಿಹೋಯಿತು ಎಂದು ಬರೆದುಬಿಡುವುದು ಸುಲಭ. ಆದರೆ ರೇಡಿಯೋ ಗೆಲಾಕ್ಸಿಯ ಎರಡು ಲೋಬ್‌ಗಳು ಹೋಸ್ಟ್‌ನ ಎರಡು ಪಕ್ಕದಲ್ಲಿರುತ್ತವೆ, ಹೋಸ್ಟ್ ಸಿಗುವುದು ನಡುವೆ. ಗುಡ್ಡೆಗಳನ್ನು ಸೇರಿಸುವ ಗೆರೆ ಎಳೆದು, ಅದರ ಮಧ್ಯಭಾಗದಲ್ಲಿ ಮಂದವಾದ ಕೆಂಪು ಗೆಲಾಕ್ಸಿ ಇದೆಯೇ ಹುಡುಕಿ. ಇದ್ದರೆ ನಿಮ್ಮ ವಿಲೀನ ಜೋಡಿ ಬರೀ ದಾರಿಗೆ ಅಡ್ಡ ನಿಂತದ್ದು. ವಿಎಲ್‌ಎಎಸ್‌ಎಸ್‌ನಲ್ಲಿ ನಡುವೆ ಚೂಪಾದ ಸಣ್ಣ ಚುಕ್ಕೆ ಕಂಡರೆ ಪ್ರಶ್ನೆ ಮುಗಿದಂತೆ.

ಗುಡ್ಡೆ ಒಂದೇ ಬದಿಗಿದ್ದರೆ? ರ್‍ಯಾಡ್12ರಂಥದ್ದು ಸಿಕ್ಕಿತೆಂದು ಹಿಗ್ಗುವ ಮೊದಲು ಇನ್ನೊಂದು ಬದಿಯ ಲೋಬ್ ಮಂದವಾಗಿದೆಯೇ ಎಂದು ಲಾಟ್ಸ್, ಟಿಜಿಎಸ್‌ಎಸ್ ಎರಡರಲ್ಲೂ ನೋಡಿ. ಫಸ್ಟ್‌ನಲ್ಲಿ ಇಲ್ಲದ್ದು ಅಲ್ಲಿ ಇರಬಹುದು.

ಹಂತ 6: ಎರಡೂ ಒಂದೇ ದೂರದಲ್ಲಿವೆಯೇ?

ನೆಡ್‌ನಲ್ಲಿ ಎರಡೂ ಕೇಂದ್ರಗಳ ರೆಡ್‌ಶಿಫ್ಟ್ ತೆಗೆಯಿರಿ. ವ್ಯತ್ಯಾಸವನ್ನು 3,00,000ದಿಂದ ಗುಣಿಸಿ, ಒಂದಕ್ಕೆ ರೆಡ್‌ಶಿಫ್ಟ್ ಕೂಡಿಸಿದ ಮೊತ್ತದಿಂದ ಭಾಗಿಸಿ. 0.0710 ಮತ್ತು 0.0722 ಇದ್ದರೆ ಸೆಕೆಂಡಿಗೆ ಸುಮಾರು 336 ಕಿಲೋಮೀಟರ್ ಬರುತ್ತದೆ. 500ರೊಳಗೆ ಬಂದರೆ ಜೋಡಿ ಎನ್ನಬಹುದು. ಸಾವಿರ ದಾಟಿದರೆ ಬಾಲವೋ ಸೇತುವೆಯೋ ಸ್ಪಷ್ಟವಾಗಿ ಕಾಣಲೇಬೇಕು.

ಇಲ್ಲಿ ಎರಡು ಗುಂಡಿಗಳಿವೆ. ರೆಡ್‌ಶಿಫ್ಟ್ ಪಕ್ಕದಲ್ಲಿ ‘ಫೋಟೋಮೆಟ್ರಿಕ್’ ಎಂದಿದ್ದರೆ ಅದು ಬಣ್ಣ ನೋಡಿ ಮಾಡಿದ ಅಂದಾಜು, 0.02ರಷ್ಟು ತಪ್ಪು ಸಾಮಾನ್ಯ, ಅಂದರೆ ಸೆಕೆಂಡಿಗೆ ಸುಮಾರು 6,000 ಕಿಲೋಮೀಟರ್. ಜೋಡಿ ಎನ್ನಲು ಅದು ಸಾಲದು, ರೋಹಿತದಿಂದ ಅಳೆದದ್ದೇ ಬೇಕು. ಎರಡನೆಯದು, ಒಂದರ ರೆಡ್‌ಶಿಫ್ಟ್ ಇದ್ದು ಪಕ್ಕದ್ದರದು ಇಲ್ಲದಿರುವುದು. ರೆಡ್‌ಶಿಫ್ಟ್‌ಗಳ ದೊಡ್ಡ ಮೂಲವಾದ ಎಸ್‌ಡಿಎಸ್‌ಎಸ್‌ನ (ಸ್ಲೋನ್ ಆಕಾಶ ಸಮೀಕ್ಷೆಯ) ಮೊದಲ ಸರ್ವೆಯಲ್ಲಿ ಒಂದೇ ತಟ್ಟೆಯ ಮೇಲೆ 55 ಆರ್ಕ್‌ಸೆಕೆಂಡ್‌ಗಿಂತ ಹತ್ತಿರ, ಗೆಲಾಕ್ಸಿಯ ಬೆಳಕು ಹಿಡಿಯುವ ಎರಡು ಫೈಬರ್ ಇಡಲಾಗುತ್ತಿರಲಿಲ್ಲ. ಹಾಗಾಗಿ ವಿಲೀನವಾಗುತ್ತಿರುವ ಜೋಡಿಗಳಲ್ಲೇ ಈ ಕೊರತೆ ಹೆಚ್ಚು. ಆಗ ‘ದೂರ ತಿಳಿದಿಲ್ಲ’ ಎಂದು ಬರೆಯಿರಿ. ಇದೇ ಸರ್ವೆಯ ಸಾಫ್ಟ್‌ವೇರ್ ಚೆದುರಿದ ಗೆಲಾಕ್ಸಿಯನ್ನು ತುಂಡು ತುಂಡಾಗಿ ಎಣಿಸುವುದೂ ಉಂಟು. ನೆಡ್‌ನಲ್ಲಿ ಒಂದೇ ಗೆಲಾಕ್ಸಿಯ ಮೇಲೆ ಆರೇಳು ಹೆಸರು ಕಂಡರೆ ಆರೇಳು ಗೆಲಾಕ್ಸಿಗಳಿವೆ ಎಂದುಕೊಳ್ಳಬೇಡಿ.

ಹಂತ 7: ನಕ್ಷತ್ರಗಳೋ, ಕಪ್ಪುಕುಳಿಯೋ

ಗೆಲಾಕ್ಸಿಗಳು ಡಿಕ್ಕಿಯಾದಾಗ ಅನಿಲ ಒಳಗೆ ಕುಸಿದು ನಕ್ಷತ್ರಗಳು ರಭಸದಿಂದ ಹುಟ್ಟುತ್ತವೆ, ಅವು ಸಿಡಿದಾಗಲೂ ರೇಡಿಯೋ ಅಲೆಗಳು ಬರುತ್ತವೆ. ಆದ್ದರಿಂದ ರೇಡಿಯೋ ಕಂಡಿತೆಂದು ಕಪ್ಪುಕುಳಿ ಎನ್ನುವಂತಿಲ್ಲ. ಒರಟು ಪರೀಕ್ಷೆ ಶಕ್ತಿಯದು. 1.4 ಗಿಗಾಹರ್ಟ್ಸ್‌ನಲ್ಲಿ ಹರ್ಟ್ಸ್‌ಗೆ 10²³ ವ್ಯಾಟ್‌ಗಿಂತ ಕೆಳಗೆ ನಕ್ಷತ್ರ ಹುಟ್ಟುವ ಗೆಲಾಕ್ಸಿಗಳದೇ ಬಹುಮತ, ಮೇಲೆ ಹೋದಂತೆ ಕಪ್ಪುಕುಳಿಗಳದು. ರೆಡ್‌ಶಿಫ್ಟ್ 0.05ರಲ್ಲಿ 10 ಮಿಲಿಜಾನ್ಸ್ಕಿ ಇದ್ದರೆ ಸುಮಾರು 6 × 10²² ಬರುತ್ತದೆ. ಅಂಥದ್ದಕ್ಕೆ ‘ಕಪ್ಪುಕುಳಿ’ ಎಂಬ ಚೀಟಿ ಅಂಟಿಸಲು ಜೆಟ್ ಅಥವಾ ಲೋಬ್ ಕಣ್ಣಿಗೆ ಕಾಣಬೇಕು. ವೈಸ್‌ನ ಮೊದಲೆರಡು ತರಂಗಾಂತರ ಪಟ್ಟಿಗಳ ಕಾಂತಿಮಾನದ ವ್ಯತ್ಯಾಸ 0.8ಕ್ಕಿಂತ ಹೆಚ್ಚಿದ್ದರೆ ಕಪ್ಪುಕುಳಿಯ ಪರ ಇನ್ನೊಂದು ಸಾಕ್ಷಿ. ಕಡಿಮೆ ಇದ್ದರೆ ಇಲ್ಲವೆಂದು ಅರ್ಥವಲ್ಲ. ಎಷ್ಟೋ ರೇಡಿಯೋ ಗೆಲಾಕ್ಸಿಗಳಲ್ಲಿ ಅದು ಕಡಿಮೆಯೇ.

ಎರಡನೆಯ ಅಳತೆ ಸ್ಪೆಕ್ಟ್ರಲ್ ಇಂಡೆಕ್ಸ್: ಆವರ್ತನ ಹೆಚ್ಚಿದಂತೆ ಪ್ರಖರತೆ ಎಷ್ಟು ಬೇಗ ಇಳಿಯುತ್ತದೆ ಎಂಬುದು. ಟಿಜಿಎಸ್‌ಎಸ್ ಪ್ರಖರತೆಯನ್ನು ಎನ್‌ವಿಎಸ್‌ಎಸ್‌ನದರಿಂದ ಭಾಗಿಸಿ, ಬಂದದ್ದರ ಲಾಗ್ (10 ಆಧಾರದ್ದು) ತೆಗೆದು, 0.977ರಿಂದ ಭಾಗಿಸಿ, ಮುಂದೆ ಮೈನಸ್ ಹಾಕಿ. 100 ಮತ್ತು 20 ಮಿಲಿಜಾನ್ಸ್ಕಿ ಆದರೆ ಮೈನಸ್ 0.72, ಇದು ಸಾಮಾನ್ಯ. ಸೊನ್ನೆಯ ಹತ್ತಿರವಿದ್ದರೆ ಚುರುಕಾದ ಕೇಂದ್ರ ಇರಬಹುದು. ಮೈನಸ್ 1.3ಕ್ಕಿಂತ ಕಡಿದಾದರೆ ಜೆಟ್ ನಿಂತುಹೋದ ಹಳೆಯ ಲೋಬ್ ಇರಬಹುದು. ಪ್ರಖರತೆಯನ್ನು ಸ್ಕೈವ್ಯೂ ಚಿತ್ರದಿಂದ ಅಳೆಯಬೇಡಿ, ಅದರಲ್ಲಿ ಪಿಕ್ಸೆಲ್‌ಗಳನ್ನು ಮರುಜೋಡಿಸಿರುತ್ತಾರೆ. ಸರ್ವೆಯ ಕ್ಯಾಟಲಾಗ್‌ನಿಂದ ಒಟ್ಟು ಪ್ರಖರತೆ ತೆಗೆದುಕೊಳ್ಳಿ. ಎನ್‌ವಿಎಸ್‌ಎಸ್ ಜಾಗದಲ್ಲಿ ಫಸ್ಟ್ ಹಾಕಬೇಡಿ. ಹರಡಿದ ಹೊಳಪನ್ನು ಫಸ್ಟ್ ಕಳೆದುಕೊಂಡಿರುವುದರಿಂದ ಎಲ್ಲವೂ ಕಡಿದಾಗಿ ಕಾಣುತ್ತದೆ, ಇಲ್ಲದ ‘ಹಳೆಯ ಲೋಬ್’ ಹುಟ್ಟಿಕೊಳ್ಳುತ್ತದೆ.

ಟಿಜಿಎಸ್‌ಎಸ್‌ನಲ್ಲಿ ಕಾಣದಿದ್ದರೂ ಅದೊಂದು ಮಾಹಿತಿಯೇ. ಎನ್‌ವಿಎಸ್‌ಎಸ್‌ನಲ್ಲಿ 5 ಮಿಲಿಜಾನ್ಸ್ಕಿ ಇದ್ದು ಟಿಜಿಎಸ್‌ಎಸ್‌ನಲ್ಲಿ 5 ಸಿಗ್ಮಾ ಮಿತಿಯಾದ 17.5 ಮಿಲಿಜಾನ್ಸ್ಕಿಯ ಮೇಲೆ ಏನೂ ಕಾಣದಿದ್ದರೆ, ಇಂಡೆಕ್ಸ್ ಮೈನಸ್ 0.56ಕ್ಕಿಂತ ಚಪ್ಪಟೆ ಎಂದು ಬರೆಯಬಹುದು.

ಹಂತ 8: ದಾಖಲೆ ಮತ್ತು ಕಳಿಸುವುದು

ಪ್ರತಿ ಜೋಡಿಗೆ ಒಂದು ಸಾಲು: ಎರಡೂ ಕೇಂದ್ರಗಳ ಸ್ಥಾನ, ರೇಡಿಯೋ ಶಿಖರದ ಸ್ಥಾನ ಮತ್ತು ಯಾವ ಸರ್ವೆಯದು, ರೆಡ್‌ಶಿಫ್ಟ್ ಮತ್ತು ಅದು ಯಾವ ಬಗೆಯದು, ಪ್ರಖರತೆಗಳು, ಇಂಡೆಕ್ಸ್, ಕೊನೆಯಲ್ಲಿ ನಿಮ್ಮ ಖಚಿತತೆಯ ದರ್ಜೆ. ‘ಎ’ ಖಚಿತ, ‘ಬಿ’ ಸಂಭವ, ‘ಸಿ’ ಹೇಳಲಾಗದು. ಇಪ್ಪತ್ತರಲ್ಲಿ ಒಂದೂ ‘ಸಿ’ ಬರದಿದ್ದರೆ ಪಟ್ಟಿಯನ್ನು ಮತ್ತೊಮ್ಮೆ ತೆರೆಯಿರಿ. ಸಾಧ್ಯವಾದರೆ ಇನ್ನೊಬ್ಬರಿಗೆ ನಿಮ್ಮ ತೀರ್ಮಾನ ತೋರಿಸದೆ ಅದೇ ಚಿತ್ರ ಕೊಟ್ಟು ಕೇಳಿ. ರೇಡಿಯೋ ಗೆಲಾಕ್ಸಿ ಝೂ ಒಂದು ಜಟಿಲ ಮೂಲವನ್ನು 20 ಮಂದಿಗೆ ತೋರಿಸುತ್ತಿದ್ದದ್ದು ಸುಮ್ಮನೆ ಅಲ್ಲ.

‘ಹೊಸದು’ ಎನ್ನುವ ಮೊದಲು ನೆಡ್ ಮತ್ತು ಸಿಂಬಾಡ್ ಎಂಬ ಇನ್ನೊಂದು ದತ್ತಸಂಚಯ ಎರಡರಲ್ಲೂ ಆ ಸ್ಥಾನದ ಸುತ್ತ ಒಂದು ಆರ್ಕ್‌ಮಿನಿಟ್ ಹುಡುಕಿ, ಅಲ್ಲಿ ಪಟ್ಟಿಯಾಗಿರುವ ಪ್ರಬಂಧಗಳನ್ನು ತೆರೆದು ನೋಡಿ. ಬಹುಪಾಲು ಸಲ ಯಾರೋ ಮೊದಲೇ ನೋಡಿರುತ್ತಾರೆ. ನೋಡಿರದಿದ್ದರೆ ಸ್ವಯಂಸೇವಕರ ಸಂಶೋಧನಾ ತಾಣವಾದ ಝೂನಿವರ್ಸ್‌ನ ಯೋಜನೆಗಳ ಚರ್ಚಾ ವಿಭಾಗದಲ್ಲಿ ಹಾಕಬಹುದು. ಭಾರತದಲ್ಲಿರುವ, ವಿಜ್ಞಾನ ಅಥವಾ ಎಂಜಿನಿಯರಿಂಗ್ ಓದಿದವರಿಗೆ ರ್‍ಯಾಡ್ ಅಟ್ ಹೋಮ್ ತರಬೇತಿಯ ದಾರಿಯೂ ಇದೆ. ಸಂಶೋಧಕರಿಗೆ ಬರೆಯುವಾಗ ಬಣ್ಣದ ಚಿತ್ರವನ್ನಷ್ಟೇ ಕಳಿಸಬೇಡಿ. ಸ್ಪ್ರೆಡ್‌ಶೀಟಿನ ಆ ಸಾಲು, ಕಾಂಟೂರ್ ಮಟ್ಟಗಳು, ಬಳಸಿದ ಫಿಟ್ಸ್ ಕಡತಗಳ ಹೆಸರುಗಳು ಜೊತೆಯಲ್ಲಿರಲಿ. ಅವರು ಮೊದಲು ಕೇಳುವುದು ಅವನ್ನೇ. ಜಿಎಂಆರ್‌ಟಿ ವೀಕ್ಷಣೆಗೆ ಪ್ರಸ್ತಾವ ಸಲ್ಲಿಸುವ ಅವಕಾಶ ಬರುವುದು ವರ್ಷಕ್ಕೆ ಎರಡು ಸಲ, ಆದ್ದರಿಂದ ಉತ್ತರಕ್ಕೆ ತಿಂಗಳುಗಳೇ ಹಿಡಿಯಬಹುದು. ಅಷ್ಟು ದಿನವೂ ಆ ಕಡತಗಳನ್ನು ಅಳಿಸದೆ ಇಟ್ಟುಕೊಳ್ಳಿ.